ಕದಿರೇಶನ ಮೊಖದ ಸಬ್ಬು

ಹಾರಲಿಲ್ಲ ಅಂತೀಯಾ? ಹಾರ್ತು ಕಣಯ್ಯ, ಮೊಮ್ಮಗನೇ! ಎರಡು ಮಾರು ದೂರ ಹಾರ್ತು. ಸರಿ ಹೋಗ್ಲಿ, ಒಂದೂವರೆ ಮಾರು ಅನ್ನು. ಅದಕ್ಕಿಂತ ಒಂದು ಗೇಣೂ ಇಳಿಸಲ್ಲ ನಾನು. ಮೊಡವೆ ಒಡೆದು ಕೀವು ಅಷ್ಟು ದೂರ ಹಾರುತ್ತಾ ಅಂತ ಹಲ್ಲು ಕಿಸೀಬೇಡ. ನಿನ್ನ ಮೊಖದ್ಮೇಲೆ ಇರೋದು ಮೊಡವೆನಾ? ಎರಡು ರಾಗಿ ಕಾಳು. ಅದಕ್ಕೆ ಬಚ್ಚಲಲ್ಲಿ ಅರ್ಧ ಗಂಟೆ ಕೂತ್ಕೊಂಡು ಮೊಖ ತೊಳೆಯೋ ಆ ಹಸಿರು ಟ್ಯೂಬು ಹಿಸುಕಿದ್ದೇ ಹಿಸುಕಿದ್ದು. ಮೊಡವೆ ಅಂದ್ರೆ ಕದಿರೇಶನ ಮೊಡವೆ. ಅದನ್ನ ನೋಡಿದ ಕಣ್ಣು ಇದು. ಥೂ!

ಕದಿರೇಶ ಯಾರು ಅಂತ ಕೇಳು ಮೊದಲು. ನಮ್ಮೂರು ಮುಳಬಾಗಿಲಿಂದ ಮೂಡಲಿಗೆ ಎರಡು ಹರಿದಾರಿ. ಅಲ್ಲಿ ವಾಲಗದ ಮುನಿರಾಮಪ್ಪ ಅಂತ ಇದ್ದ, ಅವನ ಒಬ್ಬನೇ ಮಗ ಕದಿರೇಶ. ನನ್ನ ಓರಗೆಯವನು. ಹಿಟ್ಲರನ ಯುದ್ಧ ಶುರುವಾಗೋಕೆ ಒಂದು ವರ್ಷ ಮುಂಚೆ ನಮಗಿಬ್ಬರಿಗೂ ಇಪ್ಪತ್ತರ ಮೇಲೆ ಒಂದೋ ಎರಡೋ. ಮುನಿರಾಮಪ್ಪನ ವಾಲಗ ಅಂದ್ರೆ ಆ ಕಡೆ ಶ್ರೀನಿವಾಸಪುರ, ಈ ಕಡೆ ಮಾಲೂರು, ಎಲ್ಲ ಕಡೆಯಿಂದ ಗಾಡಿ ಕಟ್ಕೊಂಡು ಬಂದು ಮದುವೆಗೆ ವೀಳ್ಯ ಕೊಟ್ಟು ಹೋಗೋರು. ಆ ವೀಳ್ಯ ಕೈಗೆ ಬಂತು ಅಂದ್ರೆ ಮಾತು ಮುಗೀತು, ಆ ಮದುವೆ ವಾಲಗ ಇವರದ್ದೇ. ಅವನು ಊದಿದ್ರೆ ಹಸು ಕರೆಯೋಕೆ ಮುಂಚೆನೇ ಹಾಲು ಸೋರ್ತಿತ್ತು. ನಗಬೇಡ, ನಮ್ಮನೆ ಹಸೂಗೇ ಆಗಿತ್ತು. ಆದ್ರೆ ಆ ವರ್ಷ ಅವನ ಮುಂದಿನ ಹಲ್ಲು ಮೂರು ಉದುರಿ ಹೋದ್ವು. ಹಲ್ಲಿಲ್ಲದ ಬಾಯಲ್ಲಿ ಪೀಪಿ ಹಿಡಿದ್ರೆ ಗಾಳಿ ಪಕ್ಕಕ್ಕೆ ಸೋರುತ್ತೆ, ಬರೀ ಪುಸ್ ಪುಸ್. ಹಂಗಾಗಿ ಮಗನೇ ಊದಬೇಕು. ಮಗ ಅಪ್ಪನ್ನೂ ಮೀರಿಸೋ ಹಂಗೆ ಊದ್ತಿದ್ದ. ಎಲ್ಲಾ ಸರಿ. ಮೊಖ ಒಂದು ಬಿಟ್ಟು.

ಮೊಖ ಅಂದ್ರೆ ಏನು ಹೇಳ್ಲಿ ನಿಂಗೆ? ಎರಡು ಕೆನ್ನೆ ತುಂಬ ಒತ್ತೊತ್ತಾಗಿ ಗುಳ್ಳೆ. ಕೆಲವು ಕೆಂಪು, ಕೆಲವು ತುದಿ ಹಳದಿ, ಇನ್ನು ಕೆಲವು ಒಡೆದು ಸೋರಿ ಒಣಗಿ ಹಕ್ಕಳೆ ಕಟ್ಟಿ, ಆ ಹಕ್ಕಳೆ ಅಡಿಯಿಂದ ಮತ್ತೆ ಸೋರೋದು. ಸುಮ್ನೆ ಇದ್ದಾಗಲೇ ಹಂಗೆ. ವಾಲಗ ಊದೋವಾಗ ಕೆನ್ನೆ ಉಬ್ಬುತ್ತಲ್ಲ, ಆಗ ನೋಡಬೇಕಿತ್ತು ನೀನು. ಬೇಡ, ನೋಡಬಾರ್ದಿತ್ತು. ಒಂದೊಂದು ಗುಳ್ಳೆನೂ ಬಿಗಿದು ಮಿರಮಿರ ಮಿಂಚೋದು. ಅವನ ಎದುರಿಗೆ ನಿಂತು ತಾಳ ಹಾಕೋನು ಕಣ್ಣು ಮುಚ್ಕೊಂಡೇ ಹಾಕ್ತಿದ್ದ. ಜನ ಏನೋ ಭಕ್ತಿ ಅಂದ್ಕೊಂಡಿದ್ರು.

ಈಗ ಹಾರಿದ ವಿಷಯಕ್ಕೆ ಬರ್ತೀನಿ. ವಕ್ಕಲೇರಿಯಲ್ಲಿ ಶಾಮಲಮ್ಮ ಅಂತ ದೊಡ್ಡ ಮನೆ ಹೆಂಗಸು. ಅವಳ ದೊಡ್ಡ ಮಗಳ ಮದುವೆ. ನಾನೂ ಹೋಗಿದ್ದೆ, ಊಟದ ಆಸೆಗೆ. ಗಂಡು ತಾಳಿ ಎತ್ತಿದ, ಪುರೋಹಿತರು "ಗಟ್ಟಿಮೇಳ, ಗಟ್ಟಿಮೇಳ!" ಅಂದ್ರು. ಗಟ್ಟಿಮೇಳ ಅಂದಾಗ ಇರೋ ಬರೋ ಉಸಿರೆಲ್ಲ ಹಾಕಿ ಊದಬೇಕಲ್ಲ, ಕದಿರೇಶ ಊದಿದ. ಎಡಗೆನ್ನೆ ಮೇಲೆ ನೆಲ್ಲಿಕಾಯಿ ಗಾತ್ರದ್ದು ಒಂದಿತ್ತು. ಅದು ಟಪ್ ಅಂತು. ಡೋಲಿನ ಸದ್ದಲ್ಲೂ ನಂಗೆ ಕೇಳಿಸ್ತು. ಒಂದೂವರೆ ಮಾರು ಆಚೆ ಶಾಮಲಮ್ಮ ಅಕ್ಷತೆ ತಟ್ಟೆ ಹಿಡ್ಕೊಂಡು ನಿಂತಿದ್ಲು. ಸೀದಾ ಹೋಗಿ ಅಕ್ಷತೆ ಒಳಗೆ ಬಿತ್ತು.

ಹಳದಿ ಒಳಗೆ ಹಳದಿ ಕಣಯ್ಯ! ಯಾವುದು ಅರಿಶಿನ, ಯಾವುದು ಅದು, ಹೇಳು ನೋಡೋಣ? ಜನ ಆಗಲೇ ತಟ್ಟೆಗೆ ಕೈ ಹಾಕಿ ಹಿಡಿ ಹಿಡಿ ತಗೊಂಡು ಎರಚ್ತಾ ಇದ್ದಾರೆ. ನೋಡಿದ್ದು ಇಬ್ಬರೇ, ನಾನು, ಶಾಮಲಮ್ಮ. ಅವಳ ಬಾಯಿ ಇಷ್ಟಗಲ ತೆರೀತು, ಮುಚ್ಚಲೇ ಇಲ್ಲ. ನಾನು ಊಟಕ್ಕೆ ನಿಲ್ಲದೆ ಗೋಡೆ ಹಿಂದಕ್ಕೆ ಹೋಗಿ ಬೆಳಿಗ್ಗೆ ತಿಂದ ಉಪ್ಪಿಟ್ಟೆಲ್ಲ ವಾಪಸ್ಸು ಕೊಟ್ಟೆ. ಆ ಗಂಡ ಹೆಂಡತಿಗೆ ಆಮೇಲೆ ಒಂಬತ್ತು ಮಕ್ಕಳಾದ್ವು, ಅದು ಬೇರೆ ಮಾತು.

ಮದುವೆ ಮುಗಿದ ಮೇಲೆ ಶಾಮಲಮ್ಮ ಮುನಿರಾಮಪ್ಪನ್ನ ಹಿತ್ತಲಿಗೆ ಕರೆದ್ಲು. ಸೆರಗು ಮೂಗಿಗೆ ಒತ್ಕೊಂಡೇ ಮಾತಾಡಿದ್ಲು.

"ಮುನಿರಾಮಪ್ಪ, ಬರೋ ಮಾಘದಲ್ಲಿ ಚಿಕ್ಕವಳ ಮದುವೆ. ನಿಮ್ಮ ವಾಲಗ ಬೇಕು. ಆ ಮೊಖ ಬೇಡ."

"ಅಮ್ಮಾ, ನಂಗೆ ಹಲ್ಲಿಲ್ಲ. ಅವನೇ ಊದಬೇಕು."

"ಹಂಗಾದ್ರೆ ಮೊಖ ಚೊಕ್ಕ ಮಾಡಿಸ್ಕೊಂಡು ಬಾ. ಪುಷ್ಯ ಮುಗಿಯೋದ್ರೊಳಗೆ ನಾನೇ ಕಣ್ಣಾರೆ ನೋಡಿ ವೀಳ್ಯ ಕೊಡ್ತೀನಿ. ಇಲ್ಲಾಂದ್ರೆ ಮಾಸ್ತಿ ಕಡೆ ವಾಲಗದೋರು ಅವ್ರೆ."

ಅವಳು ಒಬ್ಬಳೇ ಆಗಿದ್ರೆ ಚಿಂತೆ ಇರಲಿಲ್ಲ. ಆದ್ರೆ ಅಕ್ಷತೆ ಸಮಾಚಾರ ಅವಳ ಬಾಯಿಂದ ನೀರು ಸೇದೋ ಬಾವಿಗೆ ಹೋಯ್ತು, ಬಾವಿಯಿಂದ ಕೋಲಾರದ ಸಂತೆಗೆ ಹೋಯ್ತು. ವಾರದೊಳಗೆ ಬೇರೆ ಮೂರು ಮನೆಯೋರು ಕೊಟ್ಟಿದ್ದ ವೀಳ್ಯ ವಾಪಸ್ಸು ಕೇಳಿದ್ರು. "ಶಾಮಲಮ್ಮ ಕೊಟ್ರೆ ನಾವೂ ಕೊಡ್ತೀವಿ" ಅಂದ್ರು. ಅಂದ್ರೆ ಏನಾಯ್ತು? ಶಾಮಲಮ್ಮನ ಕೈಯಿಂದ ವೀಳ್ಯ ಬರದೆ ಹೋದ್ರೆ ಆ ಮನೆ ವಾಲಗ ಗೂಟಕ್ಕೆ ತಗುಲಾಕಿದ ಹಂಗೇನೇ.

ಕದಿರೇಶನ ತಾಯಿ ಅಶ್ವತ್ಥಮ್ಮ ಮಾಡದೇ ಇದ್ದ ಮದ್ದಿಲ್ಲ. ಬೇವು ಅರೆದು ಮೆತ್ತಿದ್ಲು. ಅರಿಶಿನ ಮೆತ್ತಿದ್ಲು. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸದೆ, ಮೊದಲ ಉಗುಳು ಬೆರಳಲ್ಲಿ ತೆಗೆದು ಮೊಡವೆಗೆ ಹಚ್ಚಬೇಕು ಅಂತ ಯಾರೋ ಹೇಳಿದ್ರು. ಇವನ ಉಗುಳು ಸಾಕಾಗಲಿಲ್ಲ. ಅಷ್ಟು ಮೊಖಕ್ಕೆ ಎಲ್ಲಿ ಸಾಕಾಗುತ್ತೆ? ತಾಯಿ ಉಗುಳು, ಅಪ್ಪನ ಹೊಗೆಸೊಪ್ಪಿನ ಉಗುಳು, ಎಲ್ಲ ಸೇರಿಸಿ ಬಟ್ಟಲಲ್ಲಿ... ಬೇಡ ಬಿಡು. ನಿನ್ನ ಮೊಖ ಆಗಲೇ ಹಿಂಡ್ಕೊಂತಿದೆ.

ಕೊನೆಗೆ ಮುಳಬಾಗಿಲ ಧರ್ಮಾಸ್ಪತ್ರೆಗೆ ಹೋಗೋದು ಅಂತಾಯ್ತು. ಕದಿರೇಶ ಬಂದು ನನ್ನ ಕೇಳಿದ: "ಲೇ ನರಸಿಂಹ, ನೀನೂ ಬಾರೋ. ಹೊಸ ಡಾಕ್ಟ್ರು ಏನು ಮಾತಾಡ್ತಾರೋ ಒಂದಕ್ಷರ ತಿಳಿಯಲ್ವಂತೆ." ನಾನು ಲೋಯರ್ ಸೆಕೆಂಡರಿ ಪಾಸು. ಊರಲ್ಲಿ ಕನ್ನಡ ಕಾಗದ ಬಂದ್ರೆ ಓದೋನು ನಾನೇ. ನಮ್ಮೂರಲ್ಲಿ ಮನೆ ಮಾತೆಲ್ಲ ತೆಲುಗು. ಕನ್ನಡ ಏನಿದ್ರೂ ಅಮಲ್ದಾರ್ರ ಹತ್ರ, ಸಂತೆ ಹತ್ರ. ಎದೆ ಉಬ್ಬಿಸ್ಕೊಂಡು ಹೊರಟೆ.

ಆ ಡಾಕ್ಟ್ರು ಧಾರವಾಡದ ಕಡೆಯೋರು. ನಮ್ಮ ಸೀಮೆಗೆ ಹೆಂಗೆ ಬಂದ್ರೋ ಗೊತ್ತಿಲ್ಲ. ಎತ್ತರಕ್ಕೆ, ಬೆಳ್ಳಗೆ, ಒಳ್ಳೆ ಮನುಷ್ಯ. ಕದಿರೇಶನ್ನ ನೋಡಿದ ತಕ್ಷಣ ಕುರ್ಚಿ ಹಿಂದಕ್ಕೆ ಸರಿಸಿದ್ರು.

"ಏನಪಾ ಇದು? ಮಾರಿ ಹಿಂಗ್ಯಾಕ ಆಗೇತಿ?"

ನಮ್ಮ ಕಡೆ ಮಾರಿ ಅಂದ್ರೆ ಮಾರಮ್ಮ. ಕದಿರೇಶ ಎದ್ದು ನಿಂತು ಕೆನ್ನೆ ಕೆನ್ನೆ ಬಡ್ಕೊಂಡು ಕೈ ಮುಗಿದ. ಕೆನ್ನೆ ಬಡ್ಕೊಂಡಿದ್ದಕ್ಕೆ ಎರಡು ಒಡೆದ್ವು, ಡಾಕ್ಟ್ರು ಇನ್ನೂ ಒಂದು ಮೊಳ ಹಿಂದಕ್ಕೆ ಹೋದ್ರು. ಮಾರಿ ಅಂದ್ರೆ ಅವರ ಕಡೆ ಮೊಖವಂತೆ. ಅದನ್ನ ಕಾಂಪೌಂಡರು ಹೇಳಿದ. ಅಲ್ಲೇ ನಾನು ಎಚ್ಚರ ಆಗಬೇಕಿತ್ತು, ನೋಡು. ಆಗಲಿಲ್ಲ. ಲೋಯರ್ ಸೆಕೆಂಡರಿ ಪಾಸು!

ಡಾಕ್ಟ್ರು ಒಂದು ಪಿಂಗಾಣಿ ಡಬ್ಬಿ ಕೊಟ್ರು. ಒಳಗೆ ಮೆತ್ತಗಿನ ಸಬ್ಬು, ನೀವು ಸೋಪು ಅಂತೀರಲ್ಲ ಅದು, ಗಂಧಕ ಹಾಕಿ ಮಾಡಿದ್ದು. ಬಣ್ಣ ಹಳದಿ. ವಾಸನೆ ಕೊಳೆತ ಕೋಳಿಮೊಟ್ಟೆ. ಮುಚ್ಚಳ ತೆಗೆದ್ರೆ ಕಣ್ಣಲ್ಲಿ ನೀರು. ಕೊಟ್ಟು ಹೇಳಿದ್ರು:

"ಚಿವುಟಬ್ಯಾಡ. ದಿನಾ ಮುಂಜಾನೆ ಪೇಡಾದಷ್ಟು ತಗೊಂಡು, ನೀರಾಗ ಕಲಸಿ ಮಾರಿಗೆ ಹಚ್ಚು. ನೂರು ಎಣಿಸು, ತೊಳಕೊ. ತಿಳೀತಿಲ್ಲೋ?"

ಕದಿರೇಶ ನನ್ನ ಮೊಖ ನೋಡಿದ. ನಾನು "ತಿಳೀತು ಸಾರ್" ಅಂದೆ.

ನಿಂಗೆ ಪೇಡ ಅಂದ್ರೆ ಏನು? ಹಾಲು ಖೋವಾ ಸಿಹಿ, ಕೋಲಾರದ ಅಂಗಡೀಲಿ ಸಿಗುತ್ತೆ. ಆಗ ನಮ್ಮೂರಲ್ಲಿ ಅದನ್ನ ಕಂಡೋರು ಯಾರು? ಖೋವಾ ಸಿಹಿ ಏನಿದ್ರೂ ಪಾಲಕೋವ. ಪೇಡ ಅಂದ್ರೆ ತೆಲುಗಲ್ಲಿ ಸಗಣಿ ಕಣಯ್ಯ, ಸಗಣಿ! ಡಾಕ್ಟ್ರು ಹೇಳಿದ್ದು ಒಂದು ಪೇಡದ ಗಾತ್ರದಷ್ಟು ಸಬ್ಬು ತಗೋ ಅಂತ. ನನ್ನ ಕಿವಿಗೆ ಬಿದ್ದಿದ್ದು, ಮುಂಜಾನೆಯ ಪೇಡ ಅಷ್ಟೂ ತಗೊಂಡು ಅದರಲ್ಲಿ ಸಬ್ಬು ಕಲಸು ಅಂತ.

ಆಸ್ಪತ್ರೆ ಈಚೆ ಬಂದು ಹೇಳಿದೆ. ಕದಿರೇಶ ಅಲ್ಲೇ ನಿಂತ್ಬಿಟ್ಟ.

"ಪೇಡಾನಾ? ಮೊಖಕ್ಕಾ? ಸರಿಯಾಗಿ ಕೇಳಿಸ್ಕೊಂಡೇನ್ಲಾ?"

"ಎರಡು ಕಿವೀಲೂ ಕೇಳಿಸ್ಕೊಂಡೆ."

"ನನ್ನ ಮೊಖ ಏನು ಬೆರಣಿ ತಟ್ಟೋ ಗೋಡೆನಾ?"

"ಅವರು ಓದಿದೋರು ಕಣೋ. ಹಸು ಸಗಣಿ ಹಾಕಿ ಮನೆ ಸಾರಿಸಲ್ವಾ? ನೆಲ ಚೊಕ್ಕ ಆಗೋದಾದ್ರೆ ಮೊಖ ಆಗಲ್ವಾ?"

ಈ ಮಾತು ಹೇಳಿದ್ದು ನಾನೇ. ಈ ಬಾಯೇ. ಅದಕ್ಕೇ ಈ ಬಾಯಲ್ಲಿ ಹಲ್ಲು ಉಳಿದಿಲ್ಲ.

ಅಶ್ವತ್ಥಮ್ಮ ಪಾಪ, ಮಗನ ಮೇಲಿನ ಪ್ರೀತಿಗೆ ನಮ್ಮನೆ ಕೊಟ್ಟಿಗೆ ಹತ್ರ ಕೋಳಿ ಕೂಗೋ ಹೊತ್ತಿಗೆ ಬಂದು ನಿಲ್ಲೋಳು. ಹಸು ಹಾಕಿದ್ದನ್ನ ನೆಲಕ್ಕೆ ಬೀಳೋಕೆ ಬಿಡದೆ ಕೈಯಲ್ಲೇ ಹಿಡಿಯೋಳು. ಬಿಸಿ ಬಿಸಿ. ಅದಕ್ಕೆ ಸಬ್ಬು ಹಾಕಿ ಕಲಸೋ ಕೆಲಸ ನಂದು. ಡಾಕ್ಟ್ರ ಮಾತು ತಿಳಿದೋನು ನಾನೇ ಅಲ್ವಾ? ಕಲಸಿದ್ರೆ ನೊರೆ ಬರೋದು ಕಣಯ್ಯ. ಸಗಣಿ ನೊರೆ! ಹಸಿರು ಗುಳ್ಳೆ ಗುಳ್ಳೆಯಾಗಿ ಉಬ್ಬೋದು. ಕೊಳೆತ ಮೊಟ್ಟೆ ವಾಸನೆ ಒಂದು ಕಡೆ, ಇದು ಒಂದು ಕಡೆ. ನಾನು ಮೂಗಿಗೆ ಬಟ್ಟೆ ಕಟ್ಕೊಂಡು, ಮೊಖ ಆ ಕಡೆ ತಿರುಗಿಸ್ಕೊಂಡು ಮೆತ್ತುತ್ತಿದ್ದೆ. ಒಂದೊಂದು ಸಲ ಗುರಿ ತಪ್ಪಿ ಬಾಯಿಗೆ ಹೋಗೋದು. ಅವನು ಬೈಯೋಕೆ ಬಾಯಿ ತೆಗೆಯೋನು, ಆಗ ಇನ್ನೂ ಸ್ವಲ್ಪ ಹೋಗೋದು.

ನೂರು ಎಣಿಸು ಅಂದಿದ್ರಲ್ಲ. ಅಶ್ವತ್ಥಮ್ಮಂಗೆ ಲೆಕ್ಕ ಬರಲ್ಲ. ಬಿಸಿಲು ಬಂದು ಒಣಗಿ ಬಿರುಕು ಬಿಡೋತನಕ ಬಿಡ್ತಿದ್ಲು. ಜಾಸ್ತಿ ಇದ್ರೆ ಜಾಸ್ತಿ ಒಳ್ಳೇದು ಅಂತ. ನೊಣ ಅಂದ್ರೆ ನೊಣ. ಅವನು ಬೀದೀಲಿ ನಡೆದ್ರೆ ತಲೆ ಮೇಲೆ ಕರೀ ಛತ್ರಿ ಹಿಡಿದ ಹಂಗೆ ನೊಣ. ನಮ್ಮ ಹಸು ಅವನ್ನ ನೋಡಿದ ತಕ್ಷಣ ಹತ್ರ ಬಂದು ಮೂಸಿ, ತನ್ನದೇ ಅಂತ ಗುರುತು ಹಿಡಿದು ತಲೆ ಅಲ್ಲಾಡಿಸೋದು. ಹನ್ನೆರಡನೇ ದಿನ ಬಲಗೆನ್ನೆ ಮೇಲೆ ಒಂದು ರಾಗಿ ಮೊಳಕೆ ಬಂತು. ಎರಡೆಲೆ. ಸುಳ್ಳಲ್ಲ! ಹಸು ರಾಗಿ ಹುಲ್ಲು ತಿಂದಿತ್ತು, ಕಾಳು ಸಗಣಿಯಲ್ಲಿತ್ತು, ಕೆಳಗೆ ಕೀವಿನ ಹಸಿ ಇತ್ತು, ಇನ್ನೇನು ಬೇಕು? ಮುನಿರಾಮಪ್ಪ ಅದನ್ನ ಕೀಳೋಕೆ ಹೋದ, ಕದಿರೇಶ "ಬೇಡ ಅಪ್ಪಾ, ವಾಲಗ ಹೋದ್ರೂ ಬೇಸಾಯ ಇರಲಿ" ಅಂದ. ನಗ್ತಾನೇ ಅಂದ. ಆಮೇಲೆ ಅತ್ತ. ಅತ್ತಿದ್ದು ಸುಳ್ಳಲ್ಲ.

ಯಾಕಂದ್ರೆ ಮೊಖ ವಾಸಿ ಆಗೋದಿರಲಿ, ಊದ್ಕೊಂಡು ಒಂದು ಕಣ್ಣು ಮುಚ್ಚೇ ಹೋಗಿತ್ತು. ಮೊದಲು ಬಿಡಿ ಬಿಡಿಯಾಗಿದ್ದ ಗುಳ್ಳೆಗಳೆಲ್ಲ ಸೇರಿ ಒಂದಾದ್ವು. ಪೀಪಿ ತುಟಿಗೆ ಇಟ್ರೆ ಪ್ರಾಣ ಹೋಗೋ ನೋವು. ಇನ್ನೊಂದು ತಿಂಗಳಿಗೆ ಪುಷ್ಯ ಮುಗಿಯುತ್ತೆ. ಮಾಸ್ತಿ ಕಡೆ ವಾಲಗದೋರು ಹೊಸ ಪಂಚೆ ಹೊಲಿಗೆ ಹಾಕಿಸ್ಕೊಂಡ್ರಂತೆ ಅಂತ ಸುದ್ದಿ ಬೇರೆ. ಪಂಚೆಗೆ ಎಲ್ಲಯ್ಯ ಹೊಲಿಗೆ, ಅಂತೀಯ. ಸುದ್ದಿ ಬಂದಿದ್ದು ಹಂಗೆ.

ಮತ್ತೆ ಆಸ್ಪತ್ರೆಗೆ ಹೋದ್ವಿ. ಗಾಡೀಲಿ ಕೂರಿಸ್ಕೊಳ್ಳೋಕೆ ಯಾರೂ ಒಪ್ಪಲಿಲ್ಲ, ನಡ್ಕೊಂಡೇ ಹೋದ್ವಿ. ಡಾಕ್ಟ್ರು ಆಗ ತಾನೇ ಡಬ್ಬಿ ತೆಗೆದು ಏನೋ ಬಾಯಿಗೆ ಹಾಕ್ಕೊಂಡಿದ್ರು. ಕದಿರೇಶ ಒಳಗೆ ಬಂದ. ವಾಸನೆ ಅವನಿಗಿಂತ ಮುಂಚೆ ಬಂತು.

"ಏನ್ ಹಚ್ಚೀಯೋ ಇದು?"

"ನೀವು ಹೇಳಿದ್ದೇ ಸ್ವಾಮಿ. ಪೇಡ."

"ಪೇಡಾ ಹಚ್ಚೀಯಾ?"

"ದಿನಾ ಮುಂಜಾನೆ. ಬಿಸಿದೇ. ಇವನೇ ಕಲಸಿ ಕೊಟ್ಟ" ಅಂತ ನನ್ನ ತೋರಿಸಿದ.

ಡಾಕ್ಟ್ರು ಡಬ್ಬಿ ಎತ್ತಿ ನಮ್ಮ ಮುಂದೆ ಹಿಡಿದ್ರು. ಒಳಗೆ ದುಂಡು ದುಂಡಾಗಿ, ಕಂದು ಬಣ್ಣ, ಮೇಲೆ ಸಕ್ಕರೆ. "ಪೇಡಾ ಅಂದ್ರ ಇದೋ! ನಮ್ಮವ್ವ ಕಳಿಸ್ಯಾಳ. ಇದರಷ್ಟು ಸಾಬೂನು ಅಂದೆ ನಾ. ನೀವೇನು ಹಚ್ಚೀರಿ?"

ನಾನು ನೆಲ ನೋಡ್ಕೊಂಡು ಹೇಳಿದೆ. ಡಾಕ್ಟ್ರ ಬಾಯಲ್ಲಿ ಇನ್ನೂ ಅರ್ಧ ಪೇಡ ಇತ್ತು. ಅದನ್ನ ನುಂಗೋಕೂ ಆಗದೆ, ಉಗಿಯೋಕೂ ಆಗದೆ, ಕಿಟಕಿ ಹತ್ರ ಓಡಿದ್ರು. ಪಾಪ, ತಾಯಿ ಕಳಿಸಿದ್ದು.

ಆದ್ರೆ ದೊಡ್ಡ ಮನುಷ್ಯ ಕಣಯ್ಯ. ವಾಪಸ್ಸು ಬಂದು, ತೋಳು ಮಡಿಸಿ, ತಾನೇ ಬೇಸನ್ ಇಟ್ಟು ಬಿಸಿನೀರಲ್ಲಿ ಅವನ ಮೊಖ ತೊಳೆದ್ರು. ಪದರ ಪದರವಾಗಿ ಬಂತು. ಹಸಿರು, ಹಳದಿ, ಕೆಂಪು, ಮಧ್ಯೆ ಹುಲ್ಲಿನ ಎಳೆ. ನೀರು ಮೂರು ಸಲ ಬದಲಾಯಿಸಿದ್ರು. ಆ ಬೇಸನ್ ಹೊರಗೆ ಚೆಲ್ಲೋಕೆ ನನ್ನ ಕೈಗೇ ಕೊಟ್ರು. ಬೇಕು ಅಂತಾನೇ ಕೊಟ್ರು.

ಊರ ಹತ್ರ ಬಂದಾಗ ಕದಿರೇಶ ಅಂದ: "ನೀನು ಓದಿದ್ದು ಲೋಯರ್ ಸೆಕೆಂಡರಿ ಅಲ್ಲ ಕಣ್ಲಾ. ಲೋಯರ್ ಸಗಣಿ."

ಆಮೇಲೆ ಸರಿಯಾಗಿ ನಡೀತು. ಬೆಳಿಗ್ಗೆ ಬಾವಿ ಹತ್ರ ಅವನು ಅಂಗೈಯಲ್ಲಿ ಸಬ್ಬು ತಗೊಂಡು ನೊರೆ ಮಾಡಿ ಹಚ್ಕೊಳ್ಳೋನು. ನಾನು ಪಕ್ಕದಲ್ಲಿ ಕೂತು ಒಂದರಿಂದ ನೂರು ಎಣಿಸೋನು. ಅದೇ ನನಗೆ ಶಿಕ್ಷೆ. ಆ ಮೊಟ್ಟೆ ವಾಸನೆ ನನ್ನ ಅಂಗಿಗೂ ಹಿಡೀತು, ನಮ್ಮಮ್ಮ ನನಗೆ ಜಗಲಿ ಮೇಲೆ ಅನ್ನ ಹಾಕೋಳು. ವಾರಕ್ಕೆ ಗುಳ್ಳೆ ಒಣಗಿದ್ವು. ಎರಡನೇ ವಾರ ಸಿಪ್ಪೆ ಏಳೋಕೆ ಶುರುವಾಯ್ತು. ಈರುಳ್ಳಿ ಹಂಗೆ. ಅವನು ಮಾತಾಡ್ತಾ ಇದ್ರೆ ಚೂರು ಚೂರು ಉದುರೋದು, ಎದುರಿಗೆ ಮಜ್ಜಿಗೆ ಲೋಟ ಇಟ್ಕೊಳ್ಳೋಕೆ ಯಾರಿಗೂ ಧೈರ್ಯ ಇರಲಿಲ್ಲ. ಪುಷ್ಯ ಮುಗಿಯೋ ಹೊತ್ತಿಗೆ ಕೆನ್ನೆ ತುಂಬ ಗುಳಿ ಗುಳಿ, ಆದ್ರೆ ಒಂದು ತೊಟ್ಟು ಕೀವಿಲ್ಲ.

ವಕ್ಕಲೇರಿಗೆ ಹೋದ್ವಿ. ಶಾಮಲಮ್ಮ ಜಗಲಿ ಮೇಲೆ ವೀಳ್ಯದ ತಟ್ಟೆ ಪಕ್ಕಕ್ಕಿಟ್ಕೊಂಡು ಕೂತಿದ್ಲು. ತಟ್ಟೆ ಮೇಲೆ ಮೊರ ಮುಚ್ಚಿದ್ಲು, ಜಾಣೆ.

"ಬಿಸಿಲಿಗೆ ಬಾರಪ್ಪ. ಕೆನ್ನೆ ಉಬ್ಬಿಸು."

ಕದಿರೇಶ ಉಬ್ಬಿಸಿದ.

"ಇನ್ನೂ."

ಉಬ್ಬಿಸಿದ. ಮೊಖ ಕೆಂಪಾಯ್ತು. ಮುನಿರಾಮಪ್ಪ ಉಸಿರು ಬಿಗಿ ಹಿಡಿದು ನಿಂತಿದ್ದ. ನಾನು ಮನಸ್ಸಲ್ಲೇ ಎಣಿಸ್ತಾ ಇದ್ದೆ, ಅಭ್ಯಾಸ ಆಗಿತ್ತಲ್ಲ. ಮೂವತ್ತು, ಮೂವತ್ತೊಂದು. ಶಾಮಲಮ್ಮ ಎದ್ದು ಬಂದ್ಲು, ಸೆರಗು ಮೂಗಿಗೆ ಒತ್ಕೊಂಡು, ಮೊಖ ಕಿವುಚ್ಕೊಂಡು, ಹೆಬ್ಬೆಟ್ಟಲ್ಲಿ ಎಡಗೆನ್ನೆ ಒತ್ತಿದ್ಲು. ಆ ನೆಲ್ಲಿಕಾಯಿ ಇತ್ತಲ್ಲ, ಅದೇ ಜಾಗ. ಒತ್ತಿ ತಿರುವಿದ್ಲು. ಏನೂ ಬರಲಿಲ್ಲ. ಪುಸ್ ಅಂತ ಅವನ ಬಾಯಿಂದ ಗಾಳಿ ಬಂತು, ಅಷ್ಟೇ. ಹೆಬ್ಬೆಟ್ಟು ಮೂಸಿ ನೋಡಿದ್ಲು.

"ಏನಿದು, ಕೊಳೆತ ಮೊಟ್ಟೆ ವಾಸನೆ?"

"ಔಷಧಿ ಸಬ್ಬು ಅಮ್ಮಾ" ಅಂದ ಕದಿರೇಶ. "ಮೊದಲು ಇದ್ದ ವಾಸನೆ ನೀವು ಕೇಳಬೇಡಿ."

ಮೊರ ತೆಗೆದು ವೀಳ್ಯ ಅವನ ಕೈಗೇ ಕೊಟ್ಲು. ಅಪ್ಪನ ಕೈಗಲ್ಲ. ಆಮೇಲೆ ಹೋಗಿ ಆ ಹೆಬ್ಬೆಟ್ಟನ್ನ ಹುಣಸೆಹಣ್ಣು ಹಾಕಿ ತಿಕ್ಕಿ ತೊಳ್ಕೊಂಡ್ಲು.

ಮಾಘದ ಮದುವೇಲಿ ಗಟ್ಟಿಮೇಳ ಅಂದಾಗ ಅವನು ಊದಿದ್ದು ಕೋಲಾರದ ಬೆಟ್ಟಕ್ಕೆ ಕೇಳಿಸ್ತು. ಆದ್ರೂ ಶಾಮಲಮ್ಮ ಅಕ್ಷತೆ ತಟ್ಟೆಗೆ ಮುತ್ತುಗದ ಎಲೆ ಮುಚ್ಕೊಂಡು ಮೂಲೇಲಿ ನಿಂತಿದ್ಲು. ಊಟ ಆದ ಮೇಲೆ ಬೆಂಗಳೂರಿನ ಬೀಗರು ತಟ್ಟೆ ಹಿಡ್ಕೊಂಡು ಬಂದು "ಪೇಡ ತಗೊಳ್ಳಿ" ಅಂದ್ರು. ಕದಿರೇಶ ಒಂದು ತಗೊಂಡು, ತಿರುಗಿಸಿ ತಿರುಗಿಸಿ ನೋಡಿ ನನ್ನ ಕೇಳಿದ: "ಪಾಸು ಮಾಡಿದೋನೇ, ಇದು ಹಚ್ಚೋದಾ, ತಿನ್ನೋದಾ?" ಅವನು ತಿಂದ ಕಣಯ್ಯ. ಎರಡು ತಿಂದ. ನನ್ನ ಕೈಲಾಗಲಿಲ್ಲ. ಕಲಸಿದ ಕೈ ನಂದಲ್ವಾ, ಆ ಹಸಿರು ನೊರೆ ಕಣ್ಣ ಮುಂದೆ ಬಂತು.

ಸ್ವಾತಂತ್ರ್ಯ ಬಂದ ವರ್ಷದತನಕ, ಅದರ ಆಚೆಗೂ, ಅವನು ಊದದ ಮದುವೆ ಇರಲಿಲ್ಲ. ಹೆಸರು ಮಾತ್ರ ಪೇಡ ಕದಿರೇಶ ಅಂತಾನೇ ನಿಂತ್ಹೋಯ್ತು. ಮಾಲೂರು ಕಡೆ ಕನ್ನಡದೋರು, ಅವನ ವಾಲಗ ಪೇಡದ ಹಂಗೆ ಸಿಹಿ, ಅದಕ್ಕೆ ಆ ಹೆಸರು ಅಂದ್ಕೊಂಡು ತಲೆದೂಗೋರು. ಮುಳಬಾಗಿಲು ಕಡೆ ನಮ್ಮೋರು ಮೂಗು ಮುಚ್ಕೊಂಡು ನಗೋರು. ಅವನು ಎರಡು ಕಡೆಗೂ ಕೈ ಮುಗಿಯೋನು. ಸಾಯೋತನಕ ಬೆಳಿಗ್ಗೆ ಮೊಖ ತೊಳೆಯೋವಾಗ ನೂರು ಎಣಿಸೋದು ಬಿಡಲಿಲ್ಲ. ನೀನು ಆ ಟ್ಯೂಬಿಂದ ಎಷ್ಟು ತಗೊಂತೀಯ, ಎಷ್ಟು ಎಣಿಸ್ತೀಯ, ಒಂದಿನನಾದ್ರೂ ಅದರ ಮೇಲೆ ಬರೆದಿರೋದನ್ನ...

"ಮಾವಾ! ಎದ್ದು ಬನ್ನಿ ಊಟಕ್ಕೆ. ಮುದ್ದೆ ಹಾಕಿದೀನಿ, ಆರೋಗುತ್ತೆ."

ನೋಡು, ನನ್ನ ಸೊಸೆ ಭಾರತಮ್ಮ, ನಿಮ್ಮಮ್ಮ, ಕರೀತಾವ್ಳೆ. ಬಂದೆ ಕಣಮ್ಮಾ! ಏನು ಸಾರು?

"ಹುರುಳಿಕಾಳು. ಎದುರು ಮನೆಯೋರು ಮಗು ಹುಟ್ಟಿದ್ದಕ್ಕೆ ಪೇಡ ಕೊಟ್ಟವ್ರೆ, ಒಂದು ಇಡ್ಲಾ ತಟ್ಟೇಲಿ?"

ಥೂ! ದೂರ ಇಡು ತಾಯಿ. ಈ ಟ್ಯೂಬಿನವನಿಗೆ ಕೊಡು, ಹಚ್ಕೊಳ್ಲಿ.